ಬೆಂಡೆ ಹೊಲದಲ್ಲಿ ನಾವು ಮಾಡಿದ ಸ್ವಚ್ಛತೆ

ಮಾನ್ಯ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರೇ, ಗುರುವೃಂದದವರೇ, ಪಾಲಕರೇ, ಹತ್ತನೆಯ ತರಗತಿ ಪಾಸಾಗಿ ಊಟ ಯಾವಾಗ ಎಂದು ಕಣ್ಣಲ್ಲೇ ಕೇಳುತ್ತಿರುವ ಮಕ್ಕಳೇ, ಸಭಿಕರೇ,

ಕಾಲೇಜಿಗೆ ಕಾಲಿಡುವ ಮೊದಲೇ ಮಕ್ಕಳಿಗೆ ತಮ್ಮ ಆಸಕ್ತಿ ತಿಳಿಯಲಿ ಎಂದು ಈ ಶಾಲೆಯಲ್ಲಿ ವರ್ಷವಿಡೀ ಕಾರ್ಯಕ್ರಮ ನಡೆಸಿದವಳು ನಾನು. ನನಗೇನು ಅರ್ಹತೆ? ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ಮನೆಯ ಮಿಕ್ಸರ್ ಕೆಟ್ಟರೆ ರಾಣೆಬೆನ್ನೂರಿನ ರಿಪೇರಿ ಅಂಗಡಿಯ ಮುಸ್ತಾಕ್ ಅವರಿಗೆ ಫೋನ್ ಮಾಡುತ್ತೇನೆ. ಆ ಓದನ್ನು ಯಾಕೆ ಆರಿಸಿಕೊಂಡೆ? ಎದುರುಮನೆಯ ಹುಡುಗಿ ಆರಿಸಿಕೊಂಡಿದ್ದಳು. ಅವಳು ಯಾಕೆ ಆರಿಸಿಕೊಂಡಳು? ನಾನು ಆರಿಸಿಕೊಳ್ಳುತ್ತೇನೆಂದು ನಮ್ಮವ್ವ ಅವರವ್ವನಿಗೆ ಹೇಳಿದ್ದರಂತೆ.

ನನಗೀಗ ಹನ್ನೊಂದು ತಿಂಗಳ ಮಗಳಿದ್ದಾಳೆ. ರಾತ್ರಿ ಎದ್ದು ಅತ್ತು ಅವಳು ಮತ್ತೆ ಮಲಗುತ್ತಾಳೆ. ನಾನು ಅವಳ ಕಾಲೇಜಿನ ಚಿಂತೆ ಮಾಡುತ್ತ ಕೂರುತ್ತೇನೆ. ಆಟದ ಸ್ಟೆತಾಸ್ಕೋಪ್ ಬಾಯಿಗಿಟ್ಟಾಗ ನಮ್ಮ ಅತ್ತೆ, "ಡಾಕ್ಟರ್ ಆಗ್ತಾಳ" ಎಂದರು. ಚಪ್ಪಲಿಯನ್ನೂ ಬಾಯಿಗಿಡುತ್ತಾಳೆ, ಅದರ ಬಗ್ಗೆ ಅವರು ಏನೂ ಹೇಳಿಲ್ಲ.

ಇರಲಿ. ಕಳೆದ ವರ್ಷ ಒಂದು ಸಂಜೆ ನಲವತ್ತು ಮಕ್ಕಳನ್ನು ಮೋಟೆಬೆನ್ನೂರು ರಸ್ತೆಯಲ್ಲಿರುವ ಗದಿಗೆವ್ವನವರ ಬೀಜದ ಪ್ಲಾಟಿಗೆ ಕರೆದೊಯ್ದೆ. ಅವರು ಕಂಪನಿಗೆ ಬೆಂಡೆ ಬೀಜ ಮಾಡಿಕೊಡುತ್ತಾರೆ. ಗಿಡಗಳ ಮೇಲೆಲ್ಲ ಕೆಂಪು ಕಾಗದದ ಚೂರುಗಳು. ಎಷ್ಟು ಕಸ ಎನಿಸಿತು. ಮಕ್ಕಳಿಗೆ ಸ್ವಚ್ಛತೆಯ ಪಾಠವೂ ಆಗಲೆಂದು ಆರಿಸಲು ಹೇಳಿದೆ. ಶಿಸ್ತಿನ ಮಕ್ಕಳು, ಹತ್ತು ನಿಮಿಷದಲ್ಲಿ ಆರು ಸಾಲು ಸ್ವಚ್ಛ.

ಅವು ಕಸವಲ್ಲ. ಮರುದಿನ ಬೇರೆ ತಳಿಯ ಪರಾಗ ಹಾಕಿ ಕ್ರಾಸಿಂಗ್ ಮಾಡಲೆಂದು, ಮೊಗ್ಗಿನ ಬುಡವನ್ನು ಉಗುರಿನಿಂದ ಗೀರಿ ಗಂಡುಭಾಗ ತೆಗೆದು, ಜೇನುಹುಳ ಮುಟ್ಟದಂತೆ ತೊಡಿಸಿದ್ದ ಟೊಪ್ಪಿಗೆಗಳು. ಗದಿಗೆವ್ವನವರು ಬಂದು ನೋಡಿ, "ಅಕ್ಕಾರ, ನಿಮಗ ಓದಿಸಿದವರು ಯಾರ್ರೀ? ಅವರನ್ನೊಮ್ಮೆ ನೋಡಬೇಕಾಗೇತಿ" ಎಂದರು.

ಆಗ ಅವರ ಮಗಳು, ನಮ್ಮ ತರಗತಿಯಲ್ಲಿ ಬಾಯೇ ಬಿಡದ ದೀಪಿಕಾ, ಮುಂದೆ ಬಂದಳು. "ಎಲ್ಲಾರೂ ಸುಮ್ಮ ನಿಂದರ್ರಿ. ಬುಡಕ ಉಗುರಿನ ಗೀರು ಇದ್ದ ಮೊಗ್ಗಿಗೆ ಅಷ್ಟ ಟೊಪಗಿ ಹಾಕ್ರಿ. ಅಕ್ಕಾರ, ನೀವು ಏನೂ ಮುಟ್ಟಬ್ಯಾಡ್ರಿ." ಕತ್ತಲಾಗುವುದರೊಳಗೆ ಆರೂ ಸಾಲಿನ ಮೊಗ್ಗುಗಳಿಗೆ ಟೊಪ್ಪಿಗೆಗಳು ಬಂದವು. ಆಸಕ್ತಿ ಹುಡುಕಲು ನಾನು ಮೂವತ್ತು ಪ್ರಶ್ನೆಗಳ ಹಾಳೆ ತಂದಿದ್ದೆ. ಬ್ಯಾಗಿನಿಂದ ತೆಗೆಯಲೇ ಇಲ್ಲ.

ಹೊಸ ತಳಿಯ ಬೀಜ ಮಾಡುವುದನ್ನು ಕಲಿಯಬೇಕು, ಅದಕ್ಕೆ ಕೃಷಿ ಡಿಪ್ಲೊಮಾ ಸೇರಬೇಕು ಎಂಬುದು ದೀಪಿಕಾಳ ಆಸೆ. ಹೋದ ವಾರ ಅರ್ಜಿ ಹಿಡಿದು ಅವರ ಮನೆಗೆ ಹೋದೆ. ಗದಿಗೆವ್ವನವರು ಚಹಾ ಕೊಟ್ಟು, "ಹೊಲದಾಗ ದುಡಿಯಾಕ ಡಿಪ್ಲೊಮಾ ಯಾಕ ಬೇಕ್ರಿ? ನಾ ಓದಲಾರದ ದುಡಿಯಾಕತ್ತೇನಲ್ಲ. ನನ್ನ ಮಗಳು ಬಿಸಲಾಗ ನಿಂದರಬಾರದು. ಸೈನ್ಸ್ ಓದಿ ದವಾಖಾನ್ಯಾಗ ಫ್ಯಾನಿನ ಕೆಳಗ ಕುಂದರ್ಲಿ" ಎಂದರು.

ಚಹಾ ಮುಗಿಸಿ ಎದ್ದೆ. ನನ್ನ ಮಗಳಿಗೂ ನಾನು ಬಯಸುವುದು ಫ್ಯಾನನ್ನೇ. ಯಾವ ತಾಯಿ ಬಯಸುವುದಿಲ್ಲ? ಹೊರಗೆ ಬಂದು, "ನಿನ್ನ ಆಸೆ ಅವ್ವನ ಮುಂದೆ ಹೇಳಿಲ್ಲವೇನು?" ಎಂದು ದೀಪಿಕಾಳನ್ನು ಕೇಳಿದೆ. "ಅವ್ವ ಕೇಳೇ ಇಲ್ರಿ" ಎಂದಳು. ನಮ್ಮವ್ವನೂ ಕೇಳಿರಲಿಲ್ಲ. ಕೇಳಿದ್ದರೆ ನಾನೇನು ಹೇಳುತ್ತಿದ್ದೆನೋ, ಅದು ನನಗೆ ಇಂದಿಗೂ ಗೊತ್ತಿಲ್ಲ.

ಅರ್ಜಿಗೆ ನಾಳೆಯೇ ಕೊನೆಯ ದಿನ. ತಾಯಿ, ಮಗಳು ಇಬ್ಬರೂ ಇಲ್ಲೇ ಮೂರನೆಯ ಸಾಲಿನಲ್ಲಿದ್ದಾರೆ. ಗದಿಗೆವ್ವನವರೇ, ನಾನು ನಿಮ್ಮ ಪರವಾಗಿ ಏನನ್ನೂ ನಿರ್ಧರಿಸಲಾರೆ; ನಿಮ್ಮ ಹೊಲದಲ್ಲಿ ನಾನು ಒಮ್ಮೆ ಕೈಯಾಡಿಸಿದ್ದೇ ಸಾಕು. ಅಧ್ಯಕ್ಷರು ನನಗೆ ಕೊಟ್ಟ ಸಮಯದಲ್ಲಿ ಇನ್ನೂ ಮೂರು ನಿಮಿಷ ಉಳಿದಿದೆ. ಅದು ನಿಮ್ಮದು. ಮಗಳ ಕಡೆ ತಿರುಗಿ, ನಿನಗೇನು ಆಸೆ ಎಂದು ಒಂದು ಮಾತು ಕೇಳಿರಿ. ಅವಳು ಹೇಳುವುದು ನಿಮಗಷ್ಟೇ ಕೇಳಿಸಿದರೆ ಸಾಕು; ಮೈಕ್ ಆರಿಸಿ ನಾನು ಕೂರುತ್ತೇನೆ. ಆ ಮೂರು ನಿಮಿಷ ಮುಗಿಯುವವರೆಗೆ ಯಾರೂ ಚಪ್ಪಾಳೆ ತಟ್ಟಬೇಡಿ.

ಕಾಯುವ ಎಲ್ಲರಿಗೂ ಧನ್ಯವಾದ. ನಮಸ್ಕಾರ.