ಬಣ್ಣ ಬಳಿದ ಪಕ್ಕಾಸು

ನಮ್ಮ ಕರಾವಳಿಯದ್ದೇ ಒಂದು ಊರು ಅಂತ ಇಟ್ಟುಕೊಳ್ಳಿ. ಅಲ್ಲಿ ತ್ಯಾಂಪಣ್ಣ ಶೆಟ್ರು ಅಂತ ಒಬ್ಬ ಅನುಕೂಲಸ್ಥರು. ಅವರದ್ದು ಹಂಚಿನ ಮಾಡು ಹೊದಿಸಿದ ಮನೆ. ಬಂದವರು ತಲೆಯೆತ್ತಿ ಮಾಡಿನ ಮರವನ್ನು ಹೊಗಳದೆ ಅಲ್ಲಿ ಚಹಾ ಸಿಗುತ್ತಿರಲಿಲ್ಲ!

ಒಂದು ಬೇಸಗೆಯಲ್ಲಿ ಶೆಟ್ರು ಮಾಡಿನ ಮೇಲೆ ಸೋಲಾರ್ ಹಾಕಿಸಲು ಹೊರಟರು. ಕೆಲಸಕ್ಕೆ ಬಂದ ಆಲ್ವಿನ್ ಮೊದಲು ಕೇಳಿದ್ದೇ ಇದು: "ಶೆಟ್ರೇ, ಹಂಚಿನ ಅಡಿಯ ಪಕ್ಕಾಸೆಲ್ಲ ಗಟ್ಟಿ ಉಂಟಲ್ಲ? ಪ್ಯಾನೆಲ್ಲಿನ ಭಾರ, ನಮ್ಮ ಭಾರ, ಎಲ್ಲ ಆ ಮರದ ಮೇಲೆಯೇ."

ಶೆಟ್ರು ತಟ್ಟನೆ ಆಚೀಚೆ ನೋಡಿದರು. ಯಾಕೆ? ಒಂದು ಪಕ್ಕಾಸನ್ನು ಗೆದ್ದಲು ತಿಂದದ್ದು ಅವರಿಗೆ ಗೊತ್ತಿತ್ತು. ಹಿಂದೆ ಮಗಳ ನಿಶ್ಚಿತಾರ್ಥಕ್ಕೆ ಬರುವ ನೆಂಟರು ನೋಡಿಬಿಡುತ್ತಾರೆಂದು ತೂತು ಮುಚ್ಚಿಸಿ, ಎಲ್ಲದಕ್ಕೂ ಒಂದೇ ಬಣ್ಣ ಬಳಿಸಿದ್ದರು. ಈಗ ಅಂಗಳದ ತುಂಬ ನೆರೆಹೊರೆಯವರು. ಅವರೆದುರು ಹೇಳುವುದು ಹೇಗೆ?

"ಕಲ್ಲಿನ ಹಾಗೆ ಉಂಟು, ಹತ್ತಿ ಮಾರಾಯ್ರೇ" ಅಂದುಬಿಟ್ಟರು.

ಆಲ್ವಿನ್ ಒಳಗೆ ಬಂದು ತಲೆಯೆತ್ತಿ ನೋಡಿದ. ಬಣ್ಣ ಫಳಫಳ ಹೊಳೆಯುತ್ತಿತ್ತು. ಜೊತೆಗಾರನನ್ನು ಕರೆದುಕೊಂಡು ಹತ್ತಿದ.

ನೋಡಿ, ಬಾಯೇನೋ ಸುಲಭವಾಗಿ ಹೇಳಿತು. ಎದೆ ಬಿಡಬೇಕಲ್ಲ? ಮೇಲಿನವರು ಒಂದೊಂದು ಹೆಜ್ಜೆ ಇಟ್ಟಾಗಲೂ ಶೆಟ್ರು ತಮ್ಮನ್ನೇ ಕೇಳಿಕೊಂಡರು. ಈಗ ಹೇಳಲೇ? ಇನ್ನೊಂದು ಹೆಜ್ಜೆ ನೋಡೋಣ. ಈಗ ಹೇಳಲೇ? ಪಕ್ಕದ ಮನೆಯವರು ನಗುತ್ತಾರೆ. ಅಷ್ಟರಲ್ಲಿ ಮಾಡಿನಿಂದ ಕಿರ್ರೆಂದು ಒಂದು ಸದ್ದು.

"ನಿಲ್ಲಿ! ಕಾಲು ಎತ್ತಬೇಡಿ! ಒಂದು ಪಕ್ಕಾಸು ಟೊಳ್ಳು!" ಶೆಟ್ರು ಕಿರುಚಿದರು.

ಮೇಲಿನಿಂದ ಆಲ್ವಿನ್ ಕೂಗಿದ, "ಯಾವುದು ಶೆಟ್ರೇ?"

ಯಾವುದು? ಶೆಟ್ರಿಗೇ ಗೊತ್ತಿಲ್ಲ! ಬೇರೆಯವರ ಕಣ್ಣಿಗೆ ಕಾಣಬಾರದೆಂದು ಮುಚ್ಚಿದ್ದು ಈಗ ಅವರ ಕಣ್ಣಿಗೂ ಕಾಣುತ್ತಿಲ್ಲ.

ಒಳಗೆ ಓಡಿದರು. ಕೆಳಗೆ ಅಕ್ಕಿ ಆರಿಸುತ್ತಿದ್ದ ಹೆಂಡತಿ ಗುಲಾಬಿಯನ್ನು ಕೈಹಿಡಿದು ಆಚೆ ಎಳೆದರು. ತೆಂಗಿನಕಾಯಿ ಕೀಳುವ ದೋಟಿ ಹಿಡಿದು ಒಂದೊಂದೇ ಪಕ್ಕಾಸು ಬಡಿದರು. ಟಣ್. ಟಣ್. ಟಣ್. ಆಮೇಲೆ, ಬದ್. ಕಣ್ಣಿಗೆ ಹುಡಿ ಉದುರಿತು.

ಸರಿಯಾಗಿ ಅದರ ಮೇಲಿಂದ ಆಲ್ವಿನ್ ಮೆಲ್ಲನೆ ಅಂದ, "ಶೆಟ್ರೇ, ನನ್ನ ಕಾಲು ಇಲ್ಲಿಯೇ ಉಂಟು."

ಶೆಟ್ರು ಆಚೀಚಿನ ಮರವನ್ನು ಮತ್ತೆ ಮತ್ತೆ ಬಡಿದು, "ಈ ಸದ್ದಿನ ಕಡೆ ಸರಿ ಮಾರಾಯ, ಇಲ್ಲಿ ಗಟ್ಟಿ ಉಂಟು" ಎಂದು ಅತ್ತುಕೊಂಡೇ ಕೂಗಿದರು. ಆಲ್ವಿನ್ ಸರಿದ. ಒಂದು ಹಂಚು ಒಡೆದು ಗುಲಾಬಿ ಕೂತಿದ್ದ ಜಾಗಕ್ಕೇ ಬಿತ್ತು.

ಇಳಿದು ಬಂದವನು ಬೈಯಲಿಲ್ಲ. "ಗೆದ್ದಲು ಹಿಡಿದದ್ದು ನಿಮ್ಮ ತಪ್ಪಲ್ಲ ಶೆಟ್ರೇ. ಆದರೆ ನಾನು ಕೇಳಿದೆನಲ್ಲ?" ಅಂದ. ಆಗ ಪಕ್ಕದ ಮನೆಯವರು ಏನೆಂದರು ಗೊತ್ತೇ? "ನಮ್ಮ ಮಾಡಿನದ್ದೂ ಇದೇ ಕತೆ ಶೆಟ್ರೇ, ಹೇಳಲು ನಾಚಿಕೆ."

ಈಗ ನಿಮ್ಮನ್ನು ಕೇಳುತ್ತೇನೆ. ಬ್ರೇಕ್ ಹಿಡಿಯದ ಸ್ಕೂಟರಿನ ಕೀಲಿಯನ್ನು ಏನೂ ಹೇಳದೆ ಕೊಟ್ಟವರು ಇಲ್ಲಿ ಎಷ್ಟು ಮಂದಿ? ಹೆಣ್ಣಿನ ಕಡೆಯವರು ಬಂದು "ಹುಡುಗ ಕುಡಿಯುತ್ತಾನಾ?" ಎಂದಾಗ "ಛೆ, ಚಿನ್ನದಂಥವನು" ಅಂದವರು ಎಷ್ಟು ಮಂದಿ? ನಿಮ್ಮ ಮಾತು ನಂಬಿ ಯಾರೋ ಹೆಜ್ಜೆ ಇಡುತ್ತಿದ್ದಾರೆ. ಇಂದಿನಿಂದ, ಕೇಳಿದವರಿಗೆ ಇದ್ದದ್ದನ್ನು ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಅಷ್ಟೂ ಧೈರ್ಯ ಬಾರದಿದ್ದರೆ, "ಸ್ವಲ್ಪ ನಿಲ್ಲಿ" ಅಂತಲಾದರೂ ಅನ್ನಿ. ಉಳಿದದ್ದು ತಾನಾಗಿ ಬಾಯಿಗೆ ಬರುತ್ತದೆ.