ನಿಂತು ದುಡಿಯುವವರ ಮೊಕದ್ದಮೆ

ನಂಜನಗೂಡು ಸ್ಟೇಷನ್ನಿನಲ್ಲಿ ಇದ್ದದ್ದು ಒಂದೇ ಬೆಂಚು. ಮೈಸೂರು ರೈಲಿಗೆ ಕಾಯುತ್ತ ಅದರ ತುದಿಯಲ್ಲಿ ಮುದುಡಿ ಕುಳಿತಿದ್ದ ಜಲಜಮ್ಮನ ಕಿವಿಗೆ, ಬೇಡವೆಂದರೂ ಪಕ್ಕದಲ್ಲಿ ಕುಳಿತಿದ್ದ, ಗುರುತಿಲ್ಲದ ವಕೀಲ ಶ್ರೀಕಂಠಯ್ಯನವರ ಮಾತು ಬೀಳುತ್ತಿತ್ತು. ಅವರ ಬೆನ್ನ ಹಿಂದೆ ತುಂಬುಬಸುರಿ ಮಗಳು ಚಂಪಕ ನಿಂತಿದ್ದಳು.

“ರೇಷ್ಮೆ ಕಾರ್ಖಾನೇಲಿ ಹೆಂಗಸರನ್ನ ದಿನಕ್ಕೆ ಹತ್ತು ಗಂಟೆ ಮೇಲೆ ನಿಲ್ಲಿಸಿ ದುಡಿಸಬಾರದಂತೆ. ಸರ್ಕಾರದ ಕಾಯಿದೆ. ನಾಳೆ ಕೋರ್ಟಲ್ಲಿ ಧಣಿ ಪರವಾಗಿ ಅದನ್ನ ಉರುಳಿಸ್ತೀನಿ ನೋಡು, ಚೆಲುವಯ್ಯ.”

“ಸರ್ಕಾರಿ ವಕೀಲರು ಏನಂತಾರೆ ಸಾ?” ಎಂದ ಗುಮಾಸ್ತ.

“ಅವರು ಕೋರ್ಟಿಗೆ ಕೊಟ್ಟ ಕಾಗದದಲ್ಲಿ ಕಾನೂನು ಎರಡೇ ಪುಟ. ಮಿಕ್ಕಿದ್ದೆಲ್ಲ ಡಾಕ್ಟರು ಹೇಳಿದ್ದು, ಸೂಲಗಿತ್ತೀರು ಹೇಳಿದ್ದು. ನರಸೀಪುರದ ಕೂಲಿ ಹೆಂಗಸರಲ್ಲಿ ಎಷ್ಟು ಜನಕ್ಕೆ ಕಾಲು ಊದ್ತು, ಎಷ್ಟು ಜನಕ್ಕೆ ಬಸುರು ಇಳೀತು ಅಂತ. ಅದು ಕೋರ್ಟೋ, ಬಾಣಂತಿ ಕೋಣೆಯೋ?”

“ನಿಜಾನೇ ಇರ್ಬೋದಲ್ವಾ ಸಾ?”

“ನಿಜ ಆದ್ರೆ ಕಾನೂನಾಗೋಯ್ತೇನೋ ಪೆದ್ದ? ನಿಂತ್ರೆ ಯಾರೂ ಸಾಯಲ್ಲ.”

ಜಲಜಮ್ಮ ಸರಿದು, ಚಂಪಕಳಿಗೆ ಜಾಗ ಮಾಡಿಕೊಟ್ಟಳು. ವಕೀಲರು ಆಗ ತಿರುಗಿ ನೋಡಿದರು.

“ಇನ್ನೂ ನಿಂತೇ ಇದ್ದೀಯಾ? ಕೂತ್ಕೋ ಮಗಳೇ. ಡಾಕ್ಟರು ಅಷ್ಟು ಹೇಳಿದಾರೆ.”

“ಕೋರ್ಟಲ್ಲಿ ನಡೆಯದ ಮಾತು ಮನೇಲಿ ಯಾಕೆ ನಡೀಬೇಕು, ಅಪ್ಪಯ್ಯ?”

ರೈಲು ಬರುವವರೆಗೂ ಚಂಪಕ ಕೂರಲಿಲ್ಲ. ಬಂದ ಮೇಲೆ, ಅಪ್ಪ ಚಾಚಿದ ಕೈಯನ್ನು ಬಿಟ್ಟು, ಕಂಬಿ ಹಿಡಿದು ತಾನೇ ಹತ್ತಿದಳು.