ನಾನು ಮಾಡಿಸಿದ ಮದುವೆ

ಅಲ್ಲ, ಅದಕ್ಕೇ ಹೇಳ್ತಿರೋದು ನಿಧಿ, ಪುಸ್ತಕ ಪೂರ್ತಿ ಓದ್ದೇನೆ ಅದರ ಬಗ್ಗೆ ಸ್ಕೂಲಿಗೆ ಬರೆದುಕೊಡ್ತೀನಿ ಅಂತೀಯಲ್ಲ, ಆ ಕಿತಾಪತಿ ನಿನಗಿಂತ ಮುಂಚೆ ಈ ಅಜ್ಜಿ ಮಾಡಿ ಮುಗಿಸಿದಾಳೆ. ಬಾ, ಬಾಲ್ಕನೀಲಿ ಕೂತ್ಕೋ, ಬಟ್ಟೆ ಆಮೇಲೆ ತೆಗೆಯೋಣ. ನಾನು ಕ್ಯೋಟೋಗೆ ಬಂದಾಗ ನಿಮ್ಮಮ್ಮ ಇನ್ನೂ ಹುಟ್ಟೇ ಇರ್ಲಿಲ್ಲ. ಓದಿದ್ದೇನು ಗೊತ್ತಾ? ಆಸ್ಟ್ರೇಲಿಯಾ ಸಾಹಿತ್ಯ. ಮೈಸೂರಿನವಳು ಜಪಾನಿಗೆ ಹೋಗಿ ಆಸ್ಟ್ರೇಲಿಯಾ ಓದ್ತಾಳಂತೆ ಅಂತ ನಮ್ಮ ಸೋದರತ್ತೆ ಬೀದಿಗೆಲ್ಲ ಹೇಳ್ಕೊಂಡು ನಕ್ಕಿದ್ದರು. ಏನ್ಮಾಡೋದು, ಸ್ಕಾಲರ್‌ಶಿಪ್ ಸಿಕ್ಕಿದ್ದು ಇಲ್ಲಿ, ಆ ವಿಷಯ ಬಲ್ಲ ಮೇಷ್ಟ್ರು, ನಮ್ಮ ಸೆನ್ಸೇ, ಇದ್ದಿದ್ದೂ ಇಲ್ಲೇ. ಚಳಿ ಅಂದ್ರೆ ಚಳಿ, ರೂಮಲ್ಲಿ ಹೀಟರ್ ಇಲ್ಲ. ಏನು ಕೊಂಡ್ರೂ ಒಳಗೆ ಮೀನು. ಬೆಳಗ್ಗೆ ಎಲೆಕೋಸಿನ ಪಲ್ಯ, ಸಂಜೆ ಎಲೆಕೋಸಿನ ಹುಳಿ, ಅಲ್ಲ, ಹುಳಿ ಎಲ್ಲಿ ಬಂತು, ಬೇಳೇನೇ ಇರ್ಲಿಲ್ಲ, ಎಲೆಕೋಸಿನ ನೀರು.

ಲೈಬ್ರರೀಲಿ ಹೀಟರ್ ಇತ್ತು. ಅಲ್ಲೊಂದು ಮಿಷನ್ನು, ಹಳೇ ಪೇಪರ್‌ಗಳ ಫಿಲ್ಮ್ ಸುರುಳಿ ಹಾಕಿ ತಿರುಗಿಸ್ತಾ ಓದೋದು. ನನ್ನ ಪಾಲಿಗೆ ಬಂದಿದ್ದು ಒಬ್ಬ ಹೆಂಗಸಿನ ಧಾರಾವಾಹಿ. ಆಸ್ಟ್ರೇಲಿಯಾ ಬ್ರಿಟಿಷರ ಕೈಲಿದ್ದ ಕೊನೇ ಕಾಲ ಅದು, ಅವಳು ಗಂಡಸಿನ ಹೆಸರಿಟ್ಕೊಂಡು ವಾರಪತ್ರಿಕೆಗೆ ಬರೀತಿದ್ಲು. ಕುರಿ ಸಾಕೋ ದೊಡ್ಡ ಜಮೀನು, ಅಪ್ಪ ಸತ್ತ ಒಬ್ಬ ಹುಡುಗಿ, ಅವಳ ಹಿಂದೆ ಬಿದ್ದ ಇಬ್ಬರು ಗಂಡಸರು. ಚೆನ್ನಾಗಿತ್ತು ಕಣೆ. ಆದ್ರೆ ಬೆನ್ನಿಗೆ ಹೀಟರ್ ಬಿಸಿ ತಾಗಿದ್ರೆ ಯಾರು ತಾನೇ ಎದ್ದಿರ್ತಾರೆ, ದಿನಾ ನಿದ್ದೆ. ಸೆಮಿನಾರ್ ದಿನ ಬಂತು, ಕೊನೇ ಮೂರು ಕಂತು ಓದೇ ಇಲ್ಲ. ಆ ಕಥೆ ಬಗ್ಗೆ ನಾನು ಹೇಳೋದನ್ನ ಕೇಳಿ ಸೆನ್ಸೇ ಸಹಿ ಹಾಕಿದ್ರೆ ಇನ್ನೊಂದು ವರ್ಷ ಸ್ಕಾಲರ್‌ಶಿಪ್, ಇಲ್ದಿದ್ರೆ ಗಂಟುಮೂಟೆ ಕಟ್ಕೊಂಡು ಮೈಸೂರು.

ಶುರು ಮಾಡಿದೆ. ಹತ್ತೇ ನಿಮಿಷಕ್ಕೆ ಸೆನ್ಸೇ ಕಣ್ಣು ಮುಚ್ಚಿದ್ರು. ಪಕ್ಕದಲ್ಲಿದ್ದ ಹಿರಿಯರೂ ಮುಚ್ಚಿದ್ರು. ಸದ್ಯ, ಮಲಗಿದ್ರು ಅಂದ್ಕೊಂಡೆ. ಧೈರ್ಯ ಬಂತು ನೋಡು, ಆ ಹುಡುಗಿಗೆ ನಾನೇ ಮದುವೆ ಮಾಡಿಸ್ಬಿಟ್ಟೆ. ಇಬ್ಬರಲ್ಲಿ ಬಡವನ ಜೊತೆ. ಮಳೆ ಬಂತು, ಕುರಿಗಳೆಲ್ಲ ಬದುಕಿದ್ವು, ಜಗಳ ಆಡಿ ಹೋಗಿದ್ದ ಅವಳ ಚಿಕ್ಕಪ್ಪ ಬಂದು ತಾನೇ ಮುಂದೆ ನಿಂತು ಮದುವೆ ಊಟ ಬಡಿಸಿದ. ಅದಕ್ಕೆ ಸಾಮ್ರಾಜ್ಯ, ಸಮಾಜ ಅಂತ ಅರ್ಥಾನೂ ಹಚ್ಚಿದೆ.

ಸೆನ್ಸೇ ಕಣ್ಣು ಬಿಟ್ರು. ಮೆತ್ತಗೆ ಕೇಳಿದ್ರು, "ಕೊನೇ ಕಂತನ್ನ ನಾನು ನಾಲ್ಕು ಸಲ ಓದಿದೀನಿ. ಈ ಮದುವೆ ಯಾವ ಪುಟದಲ್ಲಿದೆ?" ಇಲ್ಲಿನವರು ಗಮನ ಕೊಟ್ಟು ಕೇಳ್ಬೇಕಾದ್ರೇನೇ ಕಣ್ಣು ಮುಚ್ತಾರೆ ಅಂತ ನಂಗೇನು ಗೊತ್ತು, ನಮ್ಮಲ್ಲಿ ಮೇಷ್ಟ್ರು ಕಣ್ಣು ಮುಚ್ಚಿದ್ರೆ ಮುಂದೆ ಗೊರಕೇನೇ. ನಾನು ಓದಿದ್ದು ಬೇರೆ ಪ್ರತಿ, ಸೆನ್ಸೇ, ಅಂತ ಇನ್ನೊಂದು ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಭಯಕ್ಕೆ ಸೊಂಟ ಬಗ್ಗಿಸಿ, ಸುಮಿಮಾಸೆನ್, ತಪ್ಪಾಯ್ತು, ಓದಿಲ್ಲ, ನಿದ್ದೆ ಮಾಡ್ಬಿಟ್ಟೆ ಅಂದೆ. ಯಾರೂ ನಗಲಿಲ್ಲ. ನಕ್ಕಿದ್ರೇ ಚೆನ್ನಾಗಿತ್ತು.

ಸೆನ್ಸೇ ಹೇಳಿದ್ರು, "ಆ ಹುಡುಗಿ ಇಬ್ಬರನ್ನೂ ಬೇಡ ಅಂತಾಳೆ. ಕುರಿ ಹೊಡ್ಕೊಂಡು ಒಬ್ಬಳೇ ಹೋಗ್ತಾಳೆ. ಹಾಗೆ ಬರೆಯೋಕ್ಕೋಸ್ಕರಾನೇ ಬರೆದವಳು ತನ್ನ ಹೆಸರು ಮುಚ್ಚಿಟ್ಟಿದ್ದು. ನೀವು ಒಂದು ನಿಮಿಷದಲ್ಲಿ ಅದನ್ನ ಅಳಿಸಿದ್ರಿ." ಆಗ ನಾಚಿಕೆ ಆಯ್ತು. ಸಿಕ್ಕಿಬಿದ್ದೆ ಅಂತಲ್ಲ ಕಣೆ, ಆ ಹೆಂಗಸಿಗೆ ಮೋಸ ಮಾಡಿದ್ನಲ್ಲ ಅಂತ. ಮುಂದಿನ ವಾರ ಎಲ್ಲ ಓದಿ, ಅದೇ ಜನರ ಮುಂದೆ ಹೊಸದಾಗಿ ಹೇಳಿದೆ, ಸಹಿ ಬಿತ್ತು. ನಾನು ಮಾಡಿಸಿದ ಮದುವೆ ಊಟಾನೇ ಚೆನ್ನಾಗಿತ್ತು ಅಂತ ಈಗ್ಲೂ ಅನ್ಸತ್ತೆ, ಅದು ಬೇರೆ ಮಾತು.

ಏನಂದೆ? "ಬಟ್ ಅಜ್ಜಿ, ಶೀ ವಾಸ್ ಆಲ್ರೆಡಿ ಡೆಡ್" ಅಂತೀಯಾ? ಅದಕ್ಕೇ ಕಣೆ. ಬದುಕಿದ್ದಿದ್ರೆ ಆ ಕಥೆ ಬರೆದವಳೇ ಬಂದು ನನ್ನ ಜುಟ್ಟು ಹಿಡೀತಿದ್ಲು. ಸತ್ತೋರ ಪರವಾಗಿ ಜಗಳ ಆಡಕ್ಕೆ ಪೂರ್ತಿ ಓದಿದೋರು ಬಿಟ್ರೆ ಇನ್ಯಾರಿದಾರೆ ಹೇಳು? ತೊಗೋ ನಿನ್ನ ಪುಸ್ತಕ, ಇನ್ನೂ ನಲವತ್ತು ಪುಟ ಇದೆ, ಓದಿ ಮುಗಿಸು.